ಐದು ಕೈಯ ಉಪ್ಪು

ನಮ್ಮ ಅಕ್ಕನಿಗೆ ಆಸ್ಪತ್ರೆಯಲ್ಲಿ ‘ಸಪ್ಪೆ ಅಕ್ಕ’ ಎಂದು ಹೆಸರು. ಬೆನ್ನ ಹಿಂದೆ ಕರೆಯುವ ಹೆಸರಲ್ಲ, ಎದುರಿಗೇ ಕರೆಯುತ್ತಾರೆ. ಅವಳೂ ‘ಏನ್ರೀ’ ಎಂದು ತಿರುಗುತ್ತಾಳೆ. ಹತ್ತೊಂಬತ್ತು ವರ್ಷದಿಂದ ಅವಳು ಅಲ್ಲಿಯ ಪಥ್ಯದ ಅಡುಗೆಮನೆಯಲ್ಲಿದ್ದಾಳೆ. ಹೃದಯದ ಕಾಯಿಲೆಯವರು, ಕಿಡ್ನಿಯವರು, ರಕ್ತದೊತ್ತಡದವರು, ಇವರಿಗೆಲ್ಲ ಉಪ್ಪಿಲ್ಲದ ಅಡುಗೆ ಮಾಡುವುದು ಅವಳ ಕೆಲಸ. ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚಿದರೆ ಹನ್ನೊಂದರೊಳಗೆ ನೂರನಲವತ್ತು ತಟ್ಟೆ ವಾರ್ಡುಗಳಿಗೆ ಹೊರಡಬೇಕು. ಪ್ರತಿ ತಟ್ಟೆಗೂ ಒಂದು ಚೀಟಿ, ಚೀಟಿಯ ಮೇಲೆ ಹಾಸಿಗೆಯ ನಂಬರು, ಯಾವುದು ಎಷ್ಟು ಬಡಿಸಬೇಕೆಂಬ ವಿವರ. ಒಂದು ಸೌಟು ಎಂದು ಬರೆದಿದ್ದರೆ ಒಂದೇ ಸೌಟು, ಮೇಲೊಂದು ತೊಟ್ಟು ಬೀಳುವ ಹಾಗಿಲ್ಲ.

ಮಧ್ಯಾಹ್ನ ಆ ತಟ್ಟೆಗಳೆಲ್ಲ ಮರಳಿ ಬರುತ್ತವೆ. ಅರ್ಧ ತಿಂದವು, ಕಾಲು ತಿಂದವು, ಮುಚ್ಚಳವನ್ನೇ ತೆಗೆಯದವು. ಅಕ್ಕ ಒಂದೊಂದನ್ನೂ ನೋಡುತ್ತಾಳೆ. ಬಿಟ್ಟವರ ಮೇಲೆ ಅವಳಿಗೆ ಸಿಟ್ಟಿಲ್ಲ. ಕಾಯಿಲೆಯವರು, ಅವರಿಗೆ ಬಾಯಿ ರುಚಿ ಎಲ್ಲಿಂದ ಬರಬೇಕು ಎನ್ನುತ್ತಾಳೆ. ಆದರೆ ಒಂದು ಸಲ ನನ್ನ ಹೆಂಡತಿಯ ಹತ್ತಿರ ಬಾಯಿ ಬಿಟ್ಟು ಹೇಳಿದ್ದಳಂತೆ, ‘ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಇನ್ನೊಂದು ಸ್ವಲ್ಪ ಹಾಕಿ ಅಂತ ಕೇಳಲಿಲ್ಲ ನೋಡಮ್ಮ’ ಎಂದು.

ಮನೆಯಲ್ಲೂ ಅಡುಗೆ ಅವಳದೇ. ಮನೆಯಲ್ಲೂ ಉಪ್ಪಿಲ್ಲ. ಇದಕ್ಕೊಂದು ಹಿನ್ನೆಲೆ ಇದೆ. ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ನನಗೆ ಒಂಬತ್ತು. ಅದಾದ ಹತ್ತು ವರ್ಷಕ್ಕೆ ಅಪ್ಪನಿಗೆ ಹೃದಯದ ತೊಂದರೆ ಬಂತು, ಡಾಕ್ಟರು ಉಪ್ಪು ಬಿಡಿಸಿದರು. ಅವರೊಬ್ಬರೇ ಸಪ್ಪೆ ತಿನ್ನುತ್ತ ಕೂರುವುದನ್ನು ನೋಡಲಾರದೆ ಅಕ್ಕ ಇಡೀ ಮನೆಯ ಅಡುಗೆಯನ್ನೇ ಉಪ್ಪಿಲ್ಲದೆ ಮಾಡತೊಡಗಿದಳು. ನನಗೆ ಮಾತ್ರ ಅಪ್ಪನ ಕಣ್ಣಿಗೆ ಬೀಳದ ಹಾಗೆ ಒಂದು ಪುಟ್ಟ ಡಬ್ಬಿ ಕೊಟ್ಟಳು. ಅಪ್ಪ ಆಸ್ಪತ್ರೆ ಸೇರಿದಾಗ ಅಲ್ಲಿಯ ಅಡುಗೆಮನೆಗೆ ಹೋಗಿ ‘ನಾನೇ ಮಾಡಿಕೊಡ್ತೀನಿ’ ಎಂದು ಜಗಳ ತೆಗೆದವಳು ಅಲ್ಲೇ ಕೆಲಸಕ್ಕೆ ನಿಂತಳು. ಅಪ್ಪ ಹೋಗಿ ಹದಿನೈದು ವರ್ಷವಾಯಿತು. ಡಬ್ಬಿ ಮಾತ್ರ ಮೇಜಿನ ಮೇಲೆ ಉಳಿಯಿತು. ಈಗ ನಮ್ಮಲ್ಲಿ ಅಂಥವು ನಾಲ್ಕಿವೆ. ನನಗೊಂದು, ನನ್ನ ಹೆಂಡತಿಗೊಂದು, ಮಕ್ಕಳಿಬ್ಬರಿಗೆ ಎರಡು. ತಟ್ಟೆ ಮುಂದೆ ಬಂದ ಕೂಡಲೇ ನಾಲ್ಕೂ ಕೈ ಡಬ್ಬಿಗೆ ಹೋಗುತ್ತವೆ. ಎಲ್ಲರ ಮನೆಯಲ್ಲೂ ಹೀಗೇ ಎಂದು ಮಕ್ಕಳು ತಿಳಿದುಕೊಂಡಿದ್ದಾರೆ.

ಮದುವೆಯ ಮಾತು ಬಂದಾಗಲೆಲ್ಲ ಅಕ್ಕ ‘ಆಮೇಲೆ ನೋಡೋಣ’ ಎಂದಳು, ಆ ಆಮೇಲೆ ಬರಲೇ ಇಲ್ಲ. ಅದಕ್ಕೆ ಅವಳು ಕೊರಗಿದ್ದನ್ನು ನಾನು ಕಂಡಿಲ್ಲ. ಅವಳು ಆಸೆಪಟ್ಟಿದ್ದನ್ನು ನಾನು ಕಂಡಿದ್ದು ಒಂದೇ ಒಂದಕ್ಕೆ. ಆಸ್ಪತ್ರೆಯಲ್ಲೇ ಸಿಬ್ಬಂದಿಯ ಕ್ಯಾಂಟೀನು ಇದೆ. ನರ್ಸುಗಳು, ಕಾಂಪೌಂಡರುಗಳು, ಆಂಬ್ಯುಲೆನ್ಸಿನ ಡ್ರೈವರುಗಳು ಹಸಿದು ಬಂದು ಊಟ ಮಾಡುವ ಜಾಗ. ಅಲ್ಲಿಯ ಮುಖ್ಯ ಅಡುಗೆಯವರು ಈ ತಿಂಗಳು ನಿವೃತ್ತರಾಗುತ್ತಾರೆ. ಮೇಲ್ವಿಚಾರಕರು ಅಕ್ಕನನ್ನು ಕರೆದು, ‘ಆ ಜಾಗಕ್ಕೆ ನೀವು ಬರ್ತೀರಾ? ಸೋಮವಾರ ಹೇಳಿ’ ಎಂದರು.

ಅವತ್ತು ಊಟದ ಹೊತ್ತಿಗೆ ಸುದ್ದಿ ಹೇಳಿ, ನಾವು ಖುಷಿಪಡುವ ಮೊದಲೇ, ‘ಆಗಲ್ಲ ಅಂತ ಹೇಳಿಬಿಡ್ತೀನಿ’ ಎಂದಳು.

‘ಯಾಕಕ್ಕ? ಹುಚ್ಚಾ ನಿಂಗೆ?’ ಎಂದೆ.

‘ನನ್ನ ನಾಲಿಗೆ ಸತ್ತುಹೋಗಿದೆ ಕಣೋ. ಉಪ್ಪಿನ ಅಂದಾಜೇ ಇಲ್ಲದವಳು ಇನ್ನೂರು ಜನಕ್ಕೆ ಹೇಗೆ ಅಡುಗೆ ಮಾಡಲಿ? ನೀವೇ ನೋಡಿ, ನಾಲ್ಕು ಜನಾನೂ ಡಬ್ಬಿ ಅಲ್ಲಾಡಿಸ್ತಾ ಕೂತಿದೀರ.’

ನಾಲ್ಕು ಡಬ್ಬಿಗಳೂ ಮೆಲ್ಲಗೆ ಮೇಜಿಗೆ ಇಳಿದವು.

ಉಪಾಯ ಹೊಳೆದಿದ್ದು ನನ್ನ ಹೆಂಡತಿಗೆ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಊರಿನ ಯಾವ ಮೂಲೆಯಲ್ಲಿ ಏನು ನಡೆಯುತ್ತದೆಂದು ಅವಳಿಗೆ ಗೊತ್ತಿರುತ್ತದೆ. ಭಾನುವಾರ ಹಳೆಯ ರೈಲ್ವೆ ಗೋದಾಮಿನಲ್ಲಿ ಮಕ್ಕಳು ಮರಿ ಸಮೇತ ಹೋಗುವ ರುಚಿ ಮೇಳವಂತೆ. ಹನ್ನೆರಡು ಅಂಗಡಿ, ಒಂದೊಂದರಲ್ಲೂ ಒಂದೊಂದು ಗುಟುಕು, ಒಂದೊಂದು ತುತ್ತು. ಮನೆಗೊಂದು ಕಾರ್ಡು ಕೊಡುತ್ತಾರೆ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ‘ಅಕ್ಕನ ನಾಲಿಗೆ ಸತ್ತಿದೆಯೋ ಬದುಕಿದೆಯೋ ಅಲ್ಲೇ ಗೊತ್ತಾಗುತ್ತೆ’ ಎಂದಳು. ಅಕ್ಕ ಮೂಗು ಮುರಿದಳು, ಆದರೆ ಭಾನುವಾರ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತವಳು ಅವಳೇ.

ಮಕ್ಕಳನ್ನು ಪರಿಚಯಿಸಿಬಿಡುತ್ತೇನೆ. ಹನ್ನೊಂದು ವರ್ಷದ ಮಗಳಿಗೆ ಮನೆಯಲ್ಲಿ ಲಾಯರಮ್ಮ ಎನ್ನುತ್ತೇವೆ, ‘ಹಲ್ಲುಜ್ಜು’ ಎಂದರೂ ವಾದ ಹೂಡುತ್ತಾಳೆ. ಏಳು ವರ್ಷದ ಮಗ ಇಲಿ, ದಿನವಿಡೀ ಏನಾದರೂ ಕಡಿಯುತ್ತಿರಬೇಕು. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ‘ಇದು ಚೆನ್ನಾಗಿ ಕಾಣುತ್ತಾ, ಅದಾ?’ ಎಂದು ದಿನಕ್ಕೆ ಇನ್ನೂರು ಸಲ ಕೇಳಿ ಕೇಳಿ ಮನೆಯಲ್ಲೂ ಅದೇ ಚಾಳಿ ಅಂಟಿದೆ ಎಂದು ಹೆಂಡತಿಯ ದೂರು.

ಗೋದಾಮು ಎಂದರೆ ಎರಡು ರೈಲು ನಿಲ್ಲುವಷ್ಟು ಉದ್ದ. ತಗಡಿನ ಎತ್ತರದ ಚಾವಣಿಯ ಕೆಳಗೆ ಸಾಲು ಮೇಜುಗಳು, ಹಬೆ, ಗದ್ದಲ, ಮಕ್ಕಳ ಗಾಡಿಯಲ್ಲಿ ಕೂತು ಅಳುವ ಕೂಸುಗಳು. ಬಾಗಿಲಲ್ಲೇ ನಮಗೆ ಐದು ಮರದ ಚಮಚ ಕೊಟ್ಟರು, ಅಕ್ಕ ಇನ್ನೊಂದನ್ನು ಕೇಳಿ ತೆಗೆದುಕೊಂಡಳು. ಮೊದಲ ಅಂಗಡಿ ಟೊಮೆಟೊ ಸೂಪಿನದು. ಅದರ ಯಜಮಾನ ದಪ್ಪ ಮೀಸೆಯ ಮನುಷ್ಯ, ಪುಟ್ಟ ಲೋಟಗಳಲ್ಲಿ ಸೂಪು ಹಾಕಿ ನಮ್ಮೆಲ್ಲರ ಕೈಗೆ ಕೊಟ್ಟು, ಹೊಗಳಿಕೆಗಾಗಿ ಕಾದು ನಿಂತ. ಇಲಿ ಚಡ್ಡಿ ಜೇಬಿನಿಂದ ಉಪ್ಪಿನ ಡಬ್ಬಿ ತೆಗೆದ. ನಾವು ಹಾ ಹಾ ಎನ್ನುವಷ್ಟರಲ್ಲಿ ತನ್ನ ಲೋಟಕ್ಕೂ ಅಕ್ಕನ ಲೋಟಕ್ಕೂ ಅಲ್ಲಾಡಿಸಿದ.

‘ಏಯ್ ಮರಿ, ರುಚಿ ನೋಡೋಕೆ ಮುಂಚೆನೇ ಉಪ್ಪಾ?’ ಎಂದ ಮೀಸೆಯವನು.

‘ಹೂಂ ಅಂಕಲ್. ಆಮೇಲೆ ಹಾಕಿದ್ರೆ ಮರೆತುಹೋಗುತ್ತೆ’ ಎಂದ ಇಲಿ.

ಮೀಸೆಯವನ ಮುಖ ಸೂಪಿಗಿಂತ ಕೆಂಪಾಯಿತು. ಹೆಂಡತಿ ಡಬ್ಬಿ ಕಿತ್ತುಕೊಂಡು ನನ್ನ ಜೇಬಿಗೆ ತುರುಕಿದಳು. ಅಷ್ಟರಲ್ಲಿ ಲಾಯರಮ್ಮ ಕುಡಿದು ಮುಗಿಸಿ, ‘ಉಪ್ಪು ಜಾಸ್ತಿ, ಹತ್ತಕ್ಕೆ ಎರಡು’ ಎಂದು ತೀರ್ಪು ಬರೆದಾಗಿತ್ತು. ನಾನು ಎಷ್ಟು ಹೇಳಿದರೂ ತೀರ್ಪು ಬದಲಾಗಲಿಲ್ಲ.

ಅಲ್ಲಿಂದ ಮುಂದೆ ಚೆನ್ನಾಗಿಯೇ ಸಾಗಿತು. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮೂರು ಬಗೆಯ ಚೀಸು, ಹಣ್ಣಿನ ಐಸು. ಮಕ್ಕಳ ಕೆನ್ನೆಗೆಲ್ಲ ರುಚಿ ಮೆತ್ತಿಕೊಂಡಿತ್ತು. ಹೆಂಡತಿ ಜೇನು ಸವರಿದ ಬ್ರೆಡ್ಡನ್ನು ಎರಡು ಸಲ ರುಚಿ ನೋಡಿದಳು, ಎರಡನೆಯ ಸಲ ನನ್ನ ಹೆಸರಿನಲ್ಲಿ. ನಾನು ಮಾತ್ರ ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅವಳು ಎರಡು ಚಮಚದ ಹೆಂಗಸು. ಒಂದರಿಂದ ತೆಗೆದು ಇನ್ನೊಂದಕ್ಕೆ ಸುರಿದುಕೊಂಡೇ ಬಾಯಿಗಿಡುವುದು, ಆಸ್ಪತ್ರೆಯ ಶಿಸ್ತು. ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದಳು. ‘ಈ ಈರುಳ್ಳಿ ನಿನ್ನೆ ಹೆಚ್ಚಿದ್ದು’ ಎಂದಳು ಒಂದು ಕಡೆ. ‘ಕ್ಯಾರೆಟ್ಟು ಒಳ್ಳೇದು, ಆದ್ರೆ ಎರಡು ಸಲ ಬಿಸಿ ಮಾಡಿದಾರೆ’ ಎಂದಳು ಇನ್ನೊಂದು ಕಡೆ. ನನಗೆ ಉತ್ಸಾಹ ಬಂತು.

‘ಉಪ್ಪು? ಉಪ್ಪು ಹೇಗಿದೆ ಅಕ್ಕ? ಇದು ಸರಿಯಾಗಿದೆಯಾ, ಅದಾ?’

‘ಎರಡೂ ಜಾಸ್ತಿ’ ಎಂದಳು. ಮುಖ ಬಾಡಿತ್ತು. ‘ಹನ್ನೊಂದು ಕಡೆ ತಿಂದೆ, ಹನ್ನೊಂದು ಕಡೆಯೂ ನನಗೆ ಉಪ್ಪು ಜಾಸ್ತಿ. ಜನ ನೋಡು, ಹೇಗೆ ಚಪ್ಪರಿಸ್ತಿದಾರೆ. ಇಷ್ಟು ಜನದ್ದು ತಪ್ಪು, ನಂದು ಸರಿ ಅಂತೀಯಾ? ಬಿಡು, ಗೊತ್ತಾಯ್ತಲ್ಲ. ನಾಳೆ ಹೋಗಿ ಆಗಲ್ಲ ಅಂದುಬಿಡ್ತೀನಿ.’

ಅವಳನ್ನು ಕರೆದುಕೊಂಡು ಬಂದು ಇದ್ದ ಆಸೆಯನ್ನೂ ನಾವೇ ಹಾಳು ಮಾಡಿದೆವಲ್ಲ ಎಂದು ಹೆಂಡತಿಯ ಮೇಲೆ ವಿನಾಕಾರಣ ಸಿಟ್ಟು ಬಂತು.

ಹನ್ನೆರಡನೆಯದು ಅಂಗಡಿಯಾಗಿರಲಿಲ್ಲ. ಗೋದಾಮಿನ ಕೊನೆಯಲ್ಲಿ ಮೂರು ಖಾಲಿ ಒಲೆ, ಬುಟ್ಟಿ ಬುಟ್ಟಿ ತರಕಾರಿ. ಬಂದವರಲ್ಲೇ ಯಾರು ಬೇಕಾದರೂ ಹೆಸರು ಕೊಟ್ಟು ಒಂದು ಗಂಟೆಯಲ್ಲಿ ಏನಾದರೂ ಬೇಯಿಸಬಹುದು, ಉಳಿದವರು ರುಚಿ ನೋಡುತ್ತಾರೆ. ನಾವು ಅಲ್ಲಿಗೆ ತಲುಪುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಕರೆದರು: ‘ಮೂರನೇ ಒಲೆಗೆ ಸಪ್ಪೆ ಅಕ್ಕ ಬರಬೇಕು, ಸಪ್ಪೆ ಅಕ್ಕ!’

ಅಕ್ಕ ಬೆಚ್ಚಿಬಿದ್ದಳು. ಲಾಯರಮ್ಮ ಚಾವಣಿ ನೋಡುತ್ತಿದ್ದಳು.

‘ನೀನೇನೇ ಹೆಸರು ಕೊಟ್ಟಿದ್ದು?’

‘ಅತ್ತೆ, ನೀನು ಬೇರೆಯವರದ್ದು ತಿಂದು ತೀರ್ಮಾನ ಮಾಡಿದ್ರೆ ಹೇಗೆ? ನಿಂದನ್ನ ಬೇರೆಯವರು ತಿಂದ್ರೆ ತಾನೇ ಸಾಕ್ಷಿ?’

ಅಕ್ಕ ಬೈಯಲು ಬಾಯಿ ತೆರೆದಳು. ಆದರೆ ಒಲೆ ಖಾಲಿ ಉರಿಯುತ್ತಿತ್ತು. ಒಲೆ ಸುಮ್ಮನೆ ಉರಿಯುವುದನ್ನು ಅವಳು ಜನ್ಮದಲ್ಲಿ ಸಹಿಸಿದವಳಲ್ಲ. ಸೆರಗು ಸಿಕ್ಕಿಸಿಕೊಂಡಳು.

ತರಕಾರಿ ಸೂಪು. ಕುಂಬಳಕಾಯಿ, ಕ್ಯಾರೆಟ್ಟು, ಬೀನ್ಸು, ಈರುಳ್ಳಿ. ನಮಗೆಲ್ಲ ಒಂದೊಂದು ಕೆಲಸ ಹಂಚಿದಳು. ಈರುಳ್ಳಿಯನ್ನು ಅಂಚು ಕಂದುಬಣ್ಣ ಬರುವವರೆಗೆ ಹುರಿದಳು, ಕುಂಬಳಕಾಯಿಯನ್ನು ಬೇರೆಯಾಗಿ ಬಾಡಿಸಿದಳು. ಮುಕ್ಕಾಲು ಬೆಂದಾಗ ಬಟ್ಟಲು ತೊಳೆದು ತರುತ್ತೇನೆಂದು ದೂರದ ನಲ್ಲಿಯತ್ತ ಹೊರಟಳು. ನಲ್ಲಿಯ ಮುಂದೆ ಉದ್ದದ ಸಾಲು.

ಪಾತ್ರೆಯ ಮುಂದೆ ನಾನೊಬ್ಬನೇ ನಿಂತಿದ್ದೆ. ಕೈಯಾಡಿಸುತ್ತ ಕೈಯಾಡಿಸುತ್ತ ನನಗೆ ಥಟ್ಟನೆ ಹೊಳೆಯಿತು. ಅಕ್ಕ ಉಪ್ಪು ಹಾಕಿರುವುದಿಲ್ಲ! ಹತ್ತೊಂಬತ್ತು ವರ್ಷದ ಕೈ, ಅದು ಉಪ್ಪಿನ ಕಡೆ ಹೋಗುವುದೇ ಇಲ್ಲ. ಇಷ್ಟು ಜನ ಕುಡಿದು ಮುಖ ಸಿಂಡರಿಸಿದರೆ ಅವಳ ಗತಿ? ನೆನಪಿಸಿದರೆ ಮನಸ್ಸಿಗೆ ನೋವು. ಅತ್ತಿತ್ತ ನೋಡಿದೆ, ಮೇಜಿನ ಮೇಲಿದ್ದ ಉಪ್ಪಿನಿಂದ ಒಂದು ಚಮಚ ತುಂಬ ತೆಗೆದು ಪಾತ್ರೆಗೆ ಹಾಕಿ ಕಲಕಿದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಸೌಟನ್ನು ಹೆಂಡತಿಯ ಕೈಗೆ ಕೊಟ್ಟು ಲೋಟ ತರಲು ಹೋದೆ.

ತಿರುಗಿ ಬಂದಾಗ ಸೌಟು ಲಾಯರಮ್ಮನ ಕೈಯಲ್ಲಿತ್ತು. ಇಲಿ ಪಾತ್ರೆಯ ಹತ್ತಿರದಿಂದ ಯಾಕೋ ಬಹಳ ಸಂಭಾವಿತನಂತೆ ಸರಿದು ನಿಂತ. ನನ್ನ ಜೇಬಿನಲ್ಲಿದ್ದ ಅವನ ಡಬ್ಬಿ ಯಾವಾಗಲೋ ಮಾಯವಾಗಿತ್ತು.

ಅಕ್ಕ ಬಂದಳು. ಒಂದು ಚಮಚದಿಂದ ತೆಗೆದಳು, ಇನ್ನೊಂದಕ್ಕೆ ಸುರಿದಳು, ಬಾಯಿಗಿಟ್ಟಳು. ಕಣ್ಣು ಮುಚ್ಚಲಿಲ್ಲ. ಅರಳಿಸಿದಳು.

‘ಇದಕ್ಕೆ ಯಾರು ಉಪ್ಪು ಹಾಕಿದ್ದು?’

ಅವಳು ಇನ್ನೊಂದು ಸಲ ರುಚಿ ನೋಡಿದಳು, ಕಾಯಿಲೆಯವನ ನಾಡಿ ಹಿಡಿದ ವೈದ್ಯರಂತೆ ತಲೆ ಓರೆ ಮಾಡಿ ನಿಂತಳು.

‘ನಾನು ಹಾಕಿದ್ದು ಒಂದೂವರೆ ಚಮಚ. ನನ್ನ ನಾಲಿಗೆಗೆ ಒಂದು, ಊರಿನವರ ನಾಲಿಗೆಗೆ ಅರ್ಧ. ಇದರಲ್ಲಿ ಐದರ ಮೇಲೆ ಇದೆ. ಮೂರು ತುಂಬಿದ ಚಮಚ, ಆಮೇಲೆ ಒಂದಿಷ್ಟು ಡಬ್ಬಿಯಿಂದ ಉದುರಿಸಿದ್ದು. ನಾಲ್ಕು ಜನಾನೂ ಹಾಕಿದ್ದೀರ!’

ಅವಳೇ ಹಾಕಿದ್ದಳು! ನಮಗೆ ಬೆನ್ನು ಮಾಡಿ, ಕದ್ದವಳಂತೆ ಹಾಕಿದ್ದಳಂತೆ, ಅದಕ್ಕೇ ನಾವು ಕಂಡಿರಲಿಲ್ಲ. ಹೆಂಡತಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅಕ್ಕನ ಮಾನ ಉಳಿಸಲೆಂದು ನಾಲ್ವರೂ ಒಬ್ಬರಿಗೊಬ್ಬರು ಹೇಳದೆ ಒಂದೊಂದು ಕೈ ಹಾಕಿದ್ದೆವು.

‘ನಾನು ಡಬ್ಬೀದು ಮಾತ್ರ’ ಎಂದ ಇಲಿ, ಅಳುವುದಕ್ಕೆ ತಯಾರಾಗಿ.

‘ಹಾಕೋಕೆ ಮುಂಚೆ ಒಬ್ಬರಾದ್ರೂ ರುಚಿ ನೋಡಿದ್ರಾ?’ ಎಂದಳು ಅಕ್ಕ.

ಗಟ್ಟಿಯಾಗಿ ಕೇಳಲಿಲ್ಲ. ಆದರೂ ಆ ಮಾತು ನನ್ನನ್ನು ನಿಂತಲ್ಲೇ ಹಿಡಿಯಿತು. ಈ ಪಾತ್ರೆಯದಷ್ಟೇ ಅಲ್ಲ, ಅವಳ ಕೈಯಡುಗೆಯನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಮೊದಲು ಬಾಯಿಗಿಟ್ಟು ಆಮೇಲೆ ಡಬ್ಬಿ ಮುಟ್ಟಿದವನಲ್ಲ. ಅವಳು ಈರುಳ್ಳಿ ಹೇಗೆ ಹುರಿಯುತ್ತಾಳೆ, ಯಾವುದಕ್ಕೆ ನಿಂಬೆ ಹಿಂಡುತ್ತಾಳೆ, ನನಗೆ ಗೊತ್ತೇ ಇರಲಿಲ್ಲ. ನಾನು ದಿನವೂ ತಿಂದಿದ್ದು ನನ್ನ ಉಪ್ಪನ್ನು. ನನಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

‘ಚೆಲ್ಲಿಬಿಡೋಣವಾ ಅಕ್ಕ?’ ಎಂದಳು ಹೆಂಡತಿ.

‘ಚೆಲ್ಲೋದಾ? ತಲೆ ನೆಟ್ಟಗಿದೆಯಾ?’ ಅಕ್ಕನ ಧ್ವನಿಯೇ ಬೇರೆಯಾಗಿತ್ತು. ಬೆಳಿಗ್ಗೆ ಐದೂವರೆಯ ಧ್ವನಿ ಇದೇ ಇರಬೇಕು. ‘ಎಷ್ಟು ಹೊತ್ತಿದೆ?’

‘ಇಪ್ಪತ್ತೈದು ನಿಮಿಷ.’

‘ಇನ್ನು ಮೂರು ಪಾತ್ರೆ ತಾ. ಉಪ್ಪಿಲ್ಲದ್ದು ಮಾಡಿ ಇದನ್ನ ಅದರೊಳಗೆ ಹಂಚೋಣ. ಉಪ್ಪಿಲ್ಲದ್ದು ಮಾಡೋದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಯ್ ಲಾಯರಮ್ಮ, ವಾದ ಸಾಕು, ಬೀನ್ಸ್ ಮುರಿ. ಇಲಿ, ಆ ಡಬ್ಬಿ ನಿಮ್ಮಪ್ಪನಿಗೆ ಕೊಟ್ಟು ಕೈ ತೊಳ್ಕೊಂಡು ಬಾ.’

ಪಕ್ಕದ ಒಲೆಯವರು ಮುಗಿಸಿದ್ದರು, ತಮ್ಮ ಒಲೆ ಬಿಟ್ಟುಕೊಟ್ಟರು. ಪಾತ್ರೆ ಕೇಳಲು ನಾನು ಬೇರೆ ದಾರಿಯಿಲ್ಲದೆ ಟೊಮೆಟೊ ಮೀಸೆಯವನ ಹತ್ತಿರ ಹೋದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಉಪ್ಪು ಬೇಡ ತಾನೇ?’ ಎಂದ. ಬೇಡ, ಅದು ಬೇಕಾದಷ್ಟಿದೆ ಎಂದೆ. ನಕ್ಕು ಮೂರು ಪಾತ್ರೆ ಕೊಟ್ಟ.

ಆ ಇಪ್ಪತ್ತೈದು ನಿಮಿಷ ನಾನು ಅಕ್ಕನ ಕೆಲಸವನ್ನು ಮೊದಲ ಸಲ ಕಣ್ಣಾರೆ ಕಂಡೆ. ಓಡಲಿಲ್ಲ, ಕೂಗಲಿಲ್ಲ, ಒಂದು ಹೆಜ್ಜೆ ವ್ಯರ್ಥ ಮಾಡಲಿಲ್ಲ. ಎರಡು ಒಲೆಗಳ ನಡುವೆ ಬರೀ ಸೊಂಟ ತಿರುಗಿಸಿ ಕೆಲಸ ಮುಗಿಸುತ್ತಿದ್ದಳು. ತರಕಾರಿ ಬೇಗ ಬೇಯಲೆಂದು ಸಣ್ಣಗೆ ಹೆಚ್ಚಿದಳು, ಈರುಳ್ಳಿ ಹೊತ್ತುವ ಒಂದು ಕ್ಷಣ ಮುಂಚೆ ನೀರು ಹೊಯ್ದಳು, ಮೆಣಸು ಜಜ್ಜಿದಳು, ನಿಂಬೆ ಹಿಂಡಿದಳು. ಕೊನೆಗೆ ಉಪ್ಪಿನ ಸೂಪನ್ನು ಸೌಟು ಸೌಟಾಗಿ ಹಂಚುತ್ತ, ಒಂದೊಂದು ಸೌಟಿಗೂ ರುಚಿ ನೋಡಿದಳು. ನಾಲ್ಕನೆಯ ಪಾತ್ರೆಗೆ ಬಂದಾಗ ಕಣ್ಣು ಮುಚ್ಚಿದಳು.

ಮೊದಲ ಲೋಟಗಳನ್ನು ನಮಗೇ ಕೊಟ್ಟಳು. ನಾನು ಕುಡಿದೆ. ಹೇಗಿತ್ತು ಎಂದು ಬರೆಯುವಷ್ಟು ನನಗೆ ಬರುವುದಿಲ್ಲ. ಕುಂಬಳಕಾಯಿಗೆ ಇಷ್ಟು ಸಿಹಿ ಇದೆಯೆಂದು ನಲವತ್ತರ ಹತ್ತಿರ ಬಂದ ನನಗೆ ಯಾರೂ ಹೇಳಿರಲಿಲ್ಲ, ಅಷ್ಟು ಹೇಳಬಲ್ಲೆ. ಲಾಯರಮ್ಮ ಕೊನೆಯ ತೊಟ್ಟಿನವರೆಗೂ ಕುಡಿದಳು. ಕಾರ್ಡು ಕೈಯಲ್ಲೇ ಇತ್ತು, ಬರೆಯಲು ಮರೆತಿದ್ದಳು.

ಜನ ಬಂದರು. ಅಕ್ಕ ಒಬ್ಬೊಬ್ಬರಿಗೂ ಒಂದೊಂದು ಸೌಟು, ಗೆರೆ ಎಳೆದಂತೆ ಸಮನಾಗಿ ಹಾಕುತ್ತಿದ್ದಳು. ಜನ ಕುಡಿಯುತ್ತಿದ್ದರೆ ಅವರ ಬಾಯಿಯನ್ನಲ್ಲ, ಖಾಲಿಯಾದ ಲೋಟಗಳನ್ನು ನೋಡುತ್ತಿದ್ದಳು. ಒಬ್ಬ ಬಸ್ಸಿನ ಡ್ರೈವರು ಸಮವಸ್ತ್ರದಲ್ಲೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ. ಕುಡಿದು ಹೋದವನು ಐದು ನಿಮಿಷಕ್ಕೆ ತಿರುಗಿ ಬಂದು ಲೋಟ ಚಾಚಿದ.

‘ಅಮ್ಮಾ, ಇನ್ನೊಂದು ಸ್ವಲ್ಪ ಹಾಕ್ತೀರಾ?’

‘ಒಬ್ಬರಿಗೆ ಒಂದೇ ಸೌಟು’ ಎಂದಳು ಅಕ್ಕ ರೂಢಿಬಲದಿಂದ. ಹೇಳಿದ ಮೇಲೆ ಅವನು ಏನು ಕೇಳಿದ ಎಂಬುದು ಅವಳ ತಲೆಗೆ ಹೋಯಿತು. ಸೌಟು ಹಿಡಿದ ಕೈ ಹಾಗೇ ನಿಂತಿತು. ‘ಏನಂದ್ರಿ?’

‘ಇನ್ನೊಂದು ಸ್ವಲ್ಪ ಸಿಗುತ್ತಾ ಅಂದೆ. ಚೆನ್ನಾಗಿದೆ. ಇಲ್ಲದಿದ್ರೆ ಬೇಡ ಬಿಡಿ.’

‘ಅಯ್ಯೋ, ಇದೆ, ಇದೆ! ಯಾಕಿಲ್ಲ? ಇಲ್ಲಿ ಕೊಡಿ’ ಎಂದು ಲೋಟ ಕಿತ್ತುಕೊಂಡು ಅಂಚಿನಿಂದ ಸೋರುವಷ್ಟು ತುಂಬಿಸಿದಳು. ಅವನ ಹೆಗಲ ಮೇಲಿದ್ದ ಮಗುವಿಗೂ ಒಂದು ಲೋಟ. ಆಮೇಲೆ ಅಳತೆ ಹೋಯಿತು. ಕೇಳಿದವರಿಗೆ ಎರಡು, ಕೇಳದೆ ಆಸೆಗಣ್ಣಿನಿಂದ ನೋಡಿದವರಿಗೂ ಎರಡು. ಮೂರು ಪಾತ್ರೆ ಖಾಲಿಯಾಯಿತು, ನಾಲ್ಕನೆಯದರ ತಳ ಕೆರೆದಾಯಿತು. ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದಾಗ ಸೌಟಿಗೆ ಏನೂ ಸಿಗಲಿಲ್ಲ.

‘ಮುಗಿದುಹೋಯ್ತಮ್ಮ’ ಎಂದಳು ಅಕ್ಕ. ಹಿಂದೆ ನಿಂತವರಿಗೂ ಹೇಳಿದಳು, ‘ಮುಗಿದುಹೋಯ್ತು ಕಣ್ರೀ’. ಇನ್ನೂ ದೂರದಲ್ಲಿದ್ದವರಿಗೆ, ಅವರು ಕೇಳದಿದ್ದರೂ, ಕೈಯೆತ್ತಿ ಹೇಳಿದಳು. ಇಲ್ಲ ಎಂದು ಹೇಳುವಾಗ ಯಾರೂ ಅಷ್ಟು ಖುಷಿಯಾಗಿದ್ದನ್ನು ನಾನು ಕಂಡಿಲ್ಲ. ಹೆಂಡತಿ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು, ಈರುಳ್ಳಿ ಹೆಚ್ಚಿದ್ದು ಮುಗಿದು ಎಷ್ಟೋ ಹೊತ್ತಾಗಿತ್ತು.

ಬಹುಮಾನ ಯಾರಿಗೆ ಬಂತೋ ತಿಳಿಯದು. ಪಾತ್ರೆ ತೊಳೆದು ಮೀಸೆಯವನಿಗೆ ಒಪ್ಪಿಸಿ ನಾವು ಹೊರಟುಬಿಟ್ಟೆವು, ಇಲಿಗೆ ನಿದ್ದೆ ಬರುತ್ತಿತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಅವನು ಅಕ್ಕನ ತೊಡೆಯ ಮೇಲೆ ಮಲಗಿದ. ಸಂಜೆಯ ಬಿಸಿಲು ಎದುರಿನ ಮಹಡಿಗಳ ಗಾಜಿನ ಮೇಲಿತ್ತು. ಅಕ್ಕ ನನ್ನ ಕಡೆ ಕೈ ಚಾಚಿದಳು.

‘ಫೋನ್ ಕೊಡು.’

‘ಯಾರಿಗಕ್ಕ?’

‘ಮೇಲ್ವಿಚಾರಕರಿಗೆ.’

‘ಸೋಮವಾರ ಅಲ್ವಾ ಹೇಳಬೇಕಾಗಿದ್ದು?’ ಎಂದೆ.

ಅವಳು ಆಗಲೇ ನಂಬರು ಒತ್ತಿಯಾಗಿತ್ತು. ಅವಳಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ, ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು.

‘ನಮಸ್ಕಾರ ಸಾರ್, ಪಥ್ಯದ ಅಡುಗೆಮನೆಯಿಂದ ನಾನು. ಹೂಂ, ಅದೇ ವಿಷಯ. ಬರ್ತೀನಿ ಸಾರ್. ಇಲ್ಲ ಇಲ್ಲ, ಯೋಚನೆ ಮಾಡಿಯೇ ಹೇಳ್ತಿರೋದು. ನನ್ನ ಜಾಗಕ್ಕೆ ಬರೋರಿಗೆ ಒಂದು ತಿಂಗಳು ನಾನೇ ಪಕ್ಕದಲ್ಲಿ ನಿಂತು ಹೇಳಿಕೊಡ್ತೀನಿ, ಕಾಯಿಲೆಯವರ ಊಟ, ಹುಡುಗಾಟ ಅಲ್ಲ. ಆಮೇಲೆ ಇನ್ನೊಂದು ಮಾತು ಸಾರ್. ಕ್ಯಾಂಟೀನ್‌ಗೆ ದೊಡ್ಡ ಪಾತ್ರೆ ತರಿಸಿಬಿಡಿ. ಈಗ ಇರೋದು ಸಾಲಲ್ಲ.’